ಬೆಳಗಾವಿಯ ಕೆಂಪು ರಾಡಿ, ಬಲ್ಲಭಗಢದ ಸಿಮೆಂಟು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮಾಳಿಗೆ ಸೋರತೊಡಗಿತು. ಫರೀದಾಬಾದಿನ ಬಿಸಿಲಿಗೆ ಬಾಯಿಬಿಟ್ಟಿದ್ದ ಬಿರುಕು ಮೊದಲ ಮಳೆಗೇ ತನ್ನ ಗುಣ ತೋರಿಸಿತು. ರಿಪೇರಿಗೆ ಅಂತ ನಾಲ್ಕು ಚೀಲ ಸಿಮೆಂಟು ತರಿಸಿದೆ. ಮಿಸ್ತ್ರಿ ಮೇಲೆ ಕೂತು ಕಲಸುತ್ತಿದ್ದಾಗ, ಊರಿಂದ ಬಂದಿದ್ದ ನನ್ನ ಅಣ್ಣನ ಮಗ ಚಹಾದ ಕಪ್ಪು ಹಿಡಿದು ಪಕ್ಕದಲ್ಲಿ ನಿಂತಿದ್ದ. ಬೆಳಗಾವಿ ಕಡೆ ಲಾರಿ ವ್ಯವಹಾರ ಮಾಡುವ ಹುಡುಗ.

"ಕಾಕಾ, ನಮ್ಮ ಇಂಡಾಲಿನ ರಾಡಿ ಈಗ ಸಿಮೆಂಟ್ ಫ್ಯಾಕ್ಟರಿಗೆ ಹೋಗತೈತಿ, ಗೊತ್ತೈತೇನ್ರಿ?" ಅಂದ.

"ಯಾವ ರಾಡಿಯೋ?"

"ಅದೇ ರೀ, ಕೆಂಪು ರಾಡಿ. ಲಾರಿ ಲಾರಿ ಹೋಗತೈತಿ. ಅದಕ್ಕೂ ಕಾಲ ಬಂತು ನೋಡ್ರಿ."

ನಾನು ನಕ್ಕು ಸುಮ್ಮನಾದೆ. ಆದರೆ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಈ ಊರಿಗೆ ಬಂದು ಮೂವತ್ತೈದು ವರ್ಷದ ಮೇಲಾಯಿತು, ಇಲ್ಲಿ ನಾನು ಉಂಡ ಅನ್ನವೆಲ್ಲ ಅಲ್ಯುಮಿನಿಯಂನದ್ದು. ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಗಾಡಿಗಳ ಬಿಡಿಭಾಗ ಎರೆಯುವ ಕೆಲಸ. ಲೋಹ ಎಲ್ಲಿಂದ ಬರುತ್ತದೆ, ಕೆಜಿಗೆ ಎಷ್ಟು ಅಂತ ಬಾಯಿಪಾಠವಿತ್ತು. ಲೋಹ ಹುಟ್ಟಿದ ಮನೆಯಲ್ಲಿ ಏನು ಉಳಿಯುತ್ತದೆ ಎಂದು ಮಾತ್ರ ಒಂದು ದಿನವೂ ಕೇಳಿಕೊಂಡವನಲ್ಲ. ಹುಡುಗ ಹೋದ ಮೇಲೆ ಕೂತು ಒಂದಷ್ಟು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

*

ಬೆಳಗಾವಿಯವರಿಗೆ ಇಂಡಾಲ್ ಅಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕಾಕತಿ ದಾಟಿ ಬೆಳಗಾವಿಗೆ ಬರುವಾಗ ಯಮನಾಪುರದ ಹತ್ತಿರ ಸಿಗುವ ದೊಡ್ಡ ಕಾರ್ಖಾನೆ ಅದು. ಇಂಡಿಯನ್ ಅಲ್ಯುಮಿನಿಯಂ ಕಂಪನಿ ಹುಟ್ಟಿದ್ದು 1938ರಲ್ಲಿ, ಕೆನಡಾದ ಆಲ್ಕನ್ ಬಳಗದಲ್ಲಿ. ಕೇರಳದ ಆಲುವಾ ಹತ್ತಿರ 1943ರಲ್ಲಿ ಅಲ್ಯುಮಿನಿಯಂ ತೆಗೆಯತೊಡಗಿತು. 1948ರಲ್ಲಿ ಆಗಿನ ಬಿಹಾರದ, ಈಗಿನ ಜಾರ್ಖಂಡದ ಮುರಿಯಲ್ಲಿ ಅಲ್ಯುಮಿನಾ ಕಾರ್ಖಾನೆ ಮಾಡಿತು. 1970ರ ಹೊತ್ತಿಗೆ ಬೆಳಗಾವಿಗೆ ಬಂತು. 2000ದಲ್ಲಿ ಹಿಂಡಾಲ್ಕೊ ಇಂಡಾಲನ್ನು ಕೈಗೆ ತೆಗೆದುಕೊಂಡಿತು. ಬೋರ್ಡು ಬದಲಾದರೂ ನಮ್ಮೂರವರ ಬಾಯಲ್ಲಿ ಅದು ಇವತ್ತಿಗೂ ಇಂಡಾಲೇ.

ಬೆಳಗಾವಿಯೇ ಯಾಕೆ? ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚಿನಲ್ಲಿ ಬಾಕ್ಸೈಟ್ ಇತ್ತು. ಕೊಲ್ಹಾಪುರ ಜಿಲ್ಲೆಯ ಗುಡ್ಡಗಳಿಂದ ದಶಕಗಟ್ಟಲೆ ಅದಿರು ಬಂತು. 1960ರ ದಶಕದಲ್ಲಿ ಶರಾವತಿಯ ವಿದ್ಯುತ್ತೂ ಬಂದಿತ್ತು. ಅಲ್ಯುಮಿನಿಯಂಗೆ ಬೇಕಾದದ್ದು ಇವೆರಡೇ ನೋಡಿ, ಮಣ್ಣು ಮತ್ತು ಕರೆಂಟು. ಮುಂದೆ ಕರೆಂಟಿನ ಭಾಗ್ಯ ಉಳಿಯಲಿಲ್ಲ, ಲೋಹ ತೆಗೆಯುವ ವಿಭಾಗ ನಿಂತುಹೋಯಿತು. ಉಳಿದದ್ದು ಮಣ್ಣಿನಿಂದ ಅಲ್ಯುಮಿನಾ ತೆಗೆಯುವ ವಿಭಾಗ. ರಾಡಿ ಹುಟ್ಟುವುದು ಅಲ್ಲೇ.

ಬಾಕ್ಸೈಟ್ ಅಂದರೆ ಏನೋ ಪರದೇಶದ ವಸ್ತು ಅಂದುಕೊಳ್ಳಬೇಡಿ. ನಮ್ಮ ಜಂಬಿಟ್ಟಿಗೆ ಕಲ್ಲಿನ ಒಡಹುಟ್ಟು ಅದು. ಲಕ್ಷಾಂತರ ವರ್ಷಗಳ ಮಳೆ ಕಲ್ಲನ್ನು ತೊಳೆದು ತೊಳೆದು, ಕರಗುವುದನ್ನೆಲ್ಲ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂನ ಭಾಗವನ್ನು ಬಿಟ್ಟುಹೋಗುತ್ತದೆ. ಕಬ್ಬಿಣ ಹೆಚ್ಚಿದ್ದರೆ ಜಂಬಿಟ್ಟಿಗೆ, ಅಲ್ಯುಮಿನಿಯಂ ಹೆಚ್ಚಿದ್ದರೆ ಬಾಕ್ಸೈಟ್. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಜಂಬಿಟ್ಟಿಗೆಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಪುಸ್ತಕ ಬಂದದ್ದು 1807ರಲ್ಲಿ. ಬಾಕ್ಸೈಟ್ ಎಂಬ ಹೆಸರು ಬಂದದ್ದು ಫ್ರಾನ್ಸಿನ ಲೆ ಬೋ ಎಂಬ ಊರಿನಿಂದ. ಪಿಯೆರ್ ಬರ್ತಿಯೇ ಎಂಬಾತ 1821ರಲ್ಲಿ ಅಲ್ಲಿ ಅದನ್ನು ಗುರುತಿಸಿದ. ಈ ಅಣ್ಣ-ತಮ್ಮಂದಿರ ಸಂಬಂಧ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

*

ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಇವತ್ತಿನ ದಾರಿ ಕಂಡುಹಿಡಿದವನು ಕಾರ್ಲ್ ಜೋಸೆಫ್ ಬೇಯರ್. ಆಸ್ಟ್ರಿಯಾದವನು, ಕೆಲಸ ಮಾಡುತ್ತಿದ್ದುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಂದರೆ ನಮ್ಮ ಹಾಗೇ ಊರು ಬಿಟ್ಟವನು! ತಮಾಷೆ ಏನೆಂದರೆ ಅವನಿಗೆ ಬೇಕಿದ್ದುದು ಲೋಹವಲ್ಲ, ಹತ್ತಿಬಟ್ಟೆಗೆ ಬಣ್ಣ ಕಚ್ಚಿಸುವ ಪಟಿಕದಂಥ ವಸ್ತು. 1888ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಎರಡೇ ವರ್ಷ ಹಿಂದೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಅಲ್ಯುಮಿನಾದಿಂದ ವಿದ್ಯುತ್ತಿನ ಮೂಲಕ ಲೋಹ ತೆಗೆಯುವುದನ್ನು ಕಂಡುಕೊಂಡಿದ್ದರು. ಎರಡೂ ಕೂಡಿಕೊಂಡವು. ಒಂದು ಕಾಲದಲ್ಲಿ ರಾಜಮನೆತನದವರ ಊಟದ ಮೇಜಿನ ಮೇಲಿದ್ದ ಲೋಹ ನಮ್ಮ ಅಡಿಗೆಮನೆಯ ಡಬರಿ ಆಯಿತು.

ವಿಧಾನ ನಮ್ಮ ಅಡಿಗೆಯವರಿಗೂ ಅರ್ಥವಾಗುವಂಥದ್ದೇ. ಬಾಕ್ಸೈಟನ್ನು ನುಣ್ಣಗೆ ಅರೆದು, ಕಾಸ್ಟಿಕ್ ಸೋಡಾದ ನೀರಿನಲ್ಲಿ ಪ್ರೆಷರ್ ಕುಕ್ಕರಿನಂಥ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಾರೆ. ಅಲ್ಯುಮಿನಿಯಂನ ಭಾಗ ಕರಗಿ ತಿಳಿಯಲ್ಲಿ ಸೇರುತ್ತದೆ. ಕರಗದ್ದು ತಳಕ್ಕೆ ಕೂರುತ್ತದೆ. ತಿಳಿಯನ್ನು ಬೇರೆ ಮಾಡಿ, ತಣಿಸಿ, ಮೊದಲೇ ಮಾಡಿಟ್ಟ ಅಲ್ಯುಮಿನಾ ಹೈಡ್ರೇಟಿನ ಒಂದಷ್ಟು ಪುಡಿ ಹಾಕುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಬಿಳಿಯ ಹರಳು ಕಟ್ಟುತ್ತದೆ. ಅದನ್ನು ಸುಟ್ಟರೆ ಅಲ್ಯುಮಿನಾ. ಸೋಡಾದ ನೀರನ್ನು ಮತ್ತೆ ಬಳಸುತ್ತಾರೆ.

ತಳಕ್ಕೆ ಕೂತದ್ದೇ ನಮ್ಮ ಕೆಂಪು ರಾಡಿ. ಕಬ್ಬಿಣದ ತುಕ್ಕಿನ ಬಣ್ಣ. ಕಬ್ಬಿಣ, ಕರಗದೆ ಉಳಿದ ಅಲ್ಯುಮಿನಾ, ಸಿಲಿಕಾ, ಟೈಟಾನಿಯಂ ಎಲ್ಲ ಅದರಲ್ಲಿವೆ. ಎಷ್ಟು ತೊಳೆದರೂ ಪೂರ್ತಿ ಹೋಗದ ಸೋಡಾ ಕೂಡ ಇದೆ. ಒಂದು ಟನ್ ಅಲ್ಯುಮಿನಾಕ್ಕೆ ಸುಮಾರು ಒಂದರಿಂದ ಒಂದೂವರೆ ಟನ್ ರಾಡಿ. ಒಂದು ಟನ್ ಲೋಹಕ್ಕೆ ಎರಡು ಟನ್ ಅಲ್ಯುಮಿನಾ ಬೇಕು. ಅಲ್ಲಿಗೆ ಒಂದು ಕೆಜಿ ತೂಕದ ಪಾತ್ರೆಯ ಹಿಂದೆ ಎಲ್ಲೋ ಎರಡು-ಮೂರು ಕೆಜಿ ರಾಡಿ ಕೂತಿದೆ ಅಂತ ಲೆಕ್ಕ. ನಾನು ಇಷ್ಟು ವರ್ಷ ಎರೆದ ಬಿಡಿಭಾಗಗಳ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಭಾರತದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್, ಇಡೀ ಜಗತ್ತಿನಲ್ಲಿ 15 ಕೋಟಿ ಟನ್ನಿಗೂ ಹೆಚ್ಚು ರಾಡಿ ಹುಟ್ಟುತ್ತದೆ. ಕೆಲವು ಕಡೆ ಒಡ್ಡು ಕಟ್ಟಿ ಕೆರೆಯ ಹಾಗೆ ನಿಲ್ಲಿಸಿದರು. ಕೆಲವು ಕಡೆ ನೀರು ಹಿಂಡಿ ಗುಡ್ಡ ಮಾಡಿದರು. ಕೆಲವರು ಸಮುದ್ರಕ್ಕೇ ಬಿಟ್ಟರು. ಫ್ರಾನ್ಸಿನ ಗಾರ್ದಾನ್ ಕಾರ್ಖಾನೆ 1960ರ ದಶಕದಿಂದ ಪೈಪಿನ ಮೂಲಕ ಮೆಡಿಟರೇನಿಯನ್ ಸಮುದ್ರದ ಆಳಕ್ಕೆ ಹರಿಸಿದ ರಾಡಿ ನಿಂತದ್ದು 2015ರ ಕೊನೆಗೆ.

ನಿಲ್ಲಿಸಿದ ರಾಡಿ ಸುಮ್ಮನೆ ಕೂರುವುದಿಲ್ಲ ಎಂದು ಜಗತ್ತಿಗೆ ಗೊತ್ತಾದದ್ದು 2010ರ ಅಕ್ಟೋಬರ್ 4ರಂದು. ಹಂಗೇರಿಯ ಅಯ್ಕಾ ಎಂಬಲ್ಲಿ ಕೆರೆಯ ಒಡ್ಡಿನ ಮೂಲೆ ಒಡೆಯಿತು. ಕೊಲೊಂತಾರ್, ದೆವೆಚೆರ್ ಎಂಬ ಊರುಗಳ ಬೀದಿಗಳಲ್ಲಿ ಕೆಂಪು ಪ್ರವಾಹ ನುಗ್ಗಿತು. ಹತ್ತು ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಎಷ್ಟೋ ಜನಕ್ಕೆ ಆದದ್ದು ಸೋಡಾದಿಂದ ಸುಟ್ಟ ಗಾಯ. ಪಕ್ಕದ ಮಾರ್ಸಲ್ ಹೊಳೆಯಲ್ಲಿ ಮೀನು ಉಳಿಯಲಿಲ್ಲ. ನಮ್ಮಲ್ಲೂ, 2019ರ ಏಪ್ರಿಲ್ 9ರಂದು ಮುರಿಯಲ್ಲಿ ರಾಡಿಯ ರಾಶಿ ಕುಸಿದು ಸುತ್ತಲಿನ ಜಮೀನಿಗೆ ಹರಡಿತು. ಹೌದು, ಬೆಳಗಾವಿಯ ಕಾರ್ಖಾನೆಯ ಅಕ್ಕ ಇದ್ದ ಹಾಗೆ, ಅದೇ ಮುರಿ.

*

ಇದನ್ನೆಲ್ಲ ಓದುವಾಗ ನನಗೆ ಒಂದು ಪ್ರಶ್ನೆ ಕಾಡಿತು. ಇದರಿಂದ ಏನಾದರೂ ಮಾಡಬಹುದು ಅಂತ ಯಾರಿಗೂ ಹೊಳೆಯಲಿಲ್ಲವೇ? ಉತ್ತರ ನೋಡಿ ಬೆರಗಾದೆ. ಹೊಳೆದು ನೂರು ವರ್ಷವಾಗಿದೆ!

ಕಲ್ಲಿದ್ದಲಿನ ಗ್ಯಾಸಿನಿಂದ ಯುರೋಪಿನ ಪಟ್ಟಣಗಳ ಬೀದಿದೀಪ ಉರಿಯುತ್ತಿದ್ದ ಕಾಲದಲ್ಲಿ, ಆ ಗ್ಯಾಸಿನ ಕೊಳೆತ ಮೊಟ್ಟೆಯ ವಾಸನೆ ತೆಗೆಯಲು ಜರ್ಮನಿಯವರು ಇದೇ ರಾಡಿಯನ್ನು 'ಲುಕ್ಸ್' ಎಂಬ ಹೆಸರಿನಲ್ಲಿ ಮಾರಿದ್ದರು. ರಾಡಿಯ ಕಬ್ಬಿಣ ಗಂಧಕವನ್ನು ಹಿಡಿದಿಡುತ್ತದೆ. ನಮ್ಮ ದೇಶದಲ್ಲೂ ಕೆಲಸ ಕಡಿಮೆ ಆಗಿಲ್ಲ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಜೇಡಿಗೆ ಬೆರೆಸಿ ಇಟ್ಟಿಗೆ ಸುಟ್ಟು ನೋಡಿದರು. ಭೋಪಾಲದ ಪ್ರಾದೇಶಿಕ ಸಂಶೋಧನಾಲಯದವರು (2007ರಿಂದ ಅದಕ್ಕೆ ಆಂಪ್ರಿ ಎಂದು ಹೆಸರು) ರಾಡಿ, ಸೆಣಬಿನ ನಾರು, ಪಾಲಿಯೆಸ್ಟರ್ ಅಂಟು ಸೇರಿಸಿ ಮರದ ಬದಲಿಗೆ ಬಾಗಿಲು ಮಾಡಿದರು. ಗೆದ್ದಲು ಹತ್ತದ, ನೀರಿಗೆ ಉಬ್ಬದ ಬಾಗಿಲು.

ಹಾಗಾದರೆ ನಮ್ಮ ನಿಮ್ಮ ಮನೆಗೆ ಆ ಬಾಗಿಲು ಯಾಕೆ ಬರಲಿಲ್ಲ? ಬಾಗಿಲಿಗೆ ಬೇಕಾಗುವ ರಾಡಿ ಕೆಜಿ ಲೆಕ್ಕದ್ದು, ಹುಟ್ಟುವ ರಾಡಿ ಲಕ್ಷ ಟನ್ ಲೆಕ್ಕದ್ದು. ಇಟ್ಟಿಗೆಗೆ ಹೆಚ್ಚು ಬೇಕು, ನಿಜ. ಆದರೆ ಸೋಡಾ ಹೊರಬಂದು ಗೋಡೆಯ ಮೇಲೆ ಬಿಳಿ ಉಪ್ಪು ಹೂತುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಟ್ಟಿಗೆ ಭಟ್ಟಿಯವನಿಗೆ ತನ್ನ ಹೊಲದ ಜೇಡಿ ಪುಕ್ಕಟೆ ಸಿಗುವಾಗ ನೂರು ಮೈಲಿಯಿಂದ ಒದ್ದೆ ರಾಡಿ ತರಿಸುವ ದರ್ದು ಏನಿದೆ?

ಇಲ್ಲಿ ನನಗೆ ನಮ್ಮ ಫರೀದಾಬಾದು ನೆನಪಾಯಿತು. ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರಿಗೆ ಅಂತ 1949ರಿಂದ ಕಟ್ಟಿದ ಕೈಗಾರಿಕಾ ಊರು ಇದು. ಕಟ್ಟುವುದಕ್ಕೆ ನಿಂತವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಇಲ್ಲಿನ ಶೆಡ್ಡುಗಳಲ್ಲಿ ಒಂದು ಚೂರು ಅಲ್ಯುಮಿನಿಯಂ ಕೂಡ ಕಸಕ್ಕೆ ಹೋಗುವುದಿಲ್ಲ. ಲೇತ್ ಮಷೀನಿನ ಸುರುಳಿ, ಒಡೆದ ಪಿಸ್ಟನ್, ಹಳೆಯ ಕುಕ್ಕರು, ಕೊನೆಗೆ ಎರಕದ ಕುಲುಮೆಯ ಮೇಲೆ ಕಟ್ಟುವ ಕಿಟ್ಟವನ್ನೂ ಕಬಾಡಿಯವನು ತೂಗಿ ಒಯ್ಯುತ್ತಾನೆ. ಪರಿಸರದ ಮೇಲಿನ ಪ್ರೀತಿಯಿಂದ ಖಂಡಿತ ಅಲ್ಲ! ಹಳೆಯ ಲೋಹ ಕರಗಿಸಲು, ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಅಲ್ಲಿ ಕಾಸಿದೆ, ಆದ್ದರಿಂದ ತಕ್ಕಡಿ ಹಿಡಿದು ಬರುವವನಿದ್ದಾನೆ.

ಕೆಂಪು ರಾಡಿಗೆ ಇಲ್ಲದ್ದು ಆ ಕಬಾಡಿಯವನು. ಬುದ್ಧಿ ಇತ್ತು, ಪ್ರಯೋಗಾಲಯ ಇತ್ತು, ಪೇಟೆಂಟುಗಳೂ ಇದ್ದವು. ಬಾಗಿಲಿಗೆ ಬಂದು "ಎಷ್ಟಿದೆ, ಕೊಡಿ" ಎಂದು ಕೇಳುವವನು ಇರಲಿಲ್ಲ.

*

ಕೊನೆಗೆ ಬಂದವನು ಸಿಮೆಂಟಿನವನು.

ನಮ್ಮ ಮನೆಯಿಂದ ಮಥುರಾ ರೋಡು ಹಿಡಿದು ಸ್ವಲ್ಪ ದೂರ ಹೋದರೆ ಬಲ್ಲಭಗಢ. ಅಲ್ಲಿ ರಾಷ್ಟ್ರೀಯ ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿ ಪರಿಷತ್ತು ಇದೆ. 1962ರಲ್ಲಿ ಸಿಮೆಂಟ್ ಸಂಶೋಧನಾ ಸಂಸ್ಥೆಯಾಗಿ ಶುರುವಾಗಿ, 1985ರಲ್ಲಿ ಈ ಹೆಸರು ಪಡೆಯಿತು. ಸಿಮೆಂಟಿನಲ್ಲಿ ಯಾವ ಯಾವ ಕಾರ್ಖಾನೆಯ ಕಸವನ್ನು ಎಷ್ಟೆಷ್ಟು ಸೇರಿಸಬಹುದು ಎಂದು ಪರೀಕ್ಷೆ ಮಾಡುವುದು ಅಲ್ಲಿನ ಕೆಲಸಗಳಲ್ಲಿ ಒಂದು. ಕೆಂಪು ರಾಡಿಯೂ ಅದರಲ್ಲಿ ಸೇರಿತ್ತು. ನಾನು ಎಷ್ಟೋ ವರ್ಷ ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಒಳಗೆ ನಮ್ಮೂರ ರಾಡಿಗೆ ಸಂಬಂಧಿಸಿದ ಕೆಲಸ ಇದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಸಿಮೆಂಟಿಗೂ ರಾಡಿಗೂ ಏನು ಸಂಬಂಧ? ಸಿಮೆಂಟು ಅಂದರೆ ಸುಣ್ಣದ ಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಅರೆದ ಪುಡಿ. ಆ ಮಿಶ್ರಣದಲ್ಲಿ ಒಂದಿಷ್ಟು ಕಬ್ಬಿಣ ಮತ್ತು ಅಲ್ಯುಮಿನಾ ಇರಬೇಕು. ಇದ್ದರೆ ಕುಲುಮೆಯಲ್ಲಿ ಕಲ್ಲು ಬೇಗ ಮೆದುವಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಸುಣ್ಣದ ಕಲ್ಲಿನಲ್ಲಿ ಇವು ಸಾಕಷ್ಟು ಇಲ್ಲದಿದ್ದರೆ ಹೊರಗಿನಿಂದ ಸೇರಿಸುತ್ತಾರೆ. ಏನನ್ನು ಅಂದುಕೊಂಡಿರಿ? ಜಂಬಿಟ್ಟಿಗೆ! ಗುಡ್ಡ ಅಗೆದು ತಂದ ಲ್ಯಾಟರೈಟ್. ಅದರ ಜಾಗದಲ್ಲಿ ಬಾಕ್ಸೈಟಿನ ರಾಡಿ ಹಾಕಿದರೆ ಕೆಲಸ ನಡೆಯುತ್ತದೆ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ತಮ್ಮನ ಜಾಗಕ್ಕೆ ಅಣ್ಣ ಬಂದ. ಅಷ್ಟರಮಟ್ಟಿಗೆ ಗುಡ್ಡ ಅಗೆಯುವುದೂ ತಪ್ಪಿತು.

ತೊಂದರೆ ಎರಡು. ಒಂದು, ನೀರು. ಒದ್ದೆ ರಾಡಿ ಲಾರಿಗೂ ಭಾರ, ಕಾರ್ಖಾನೆಯ ಗಂಟಲಿಗೂ ಅಂಟು. ಅದನ್ನು ಫಿಲ್ಟರಿನಲ್ಲಿ ಹಿಂಡಿ ಗಟ್ಟಿ ಬಿಲ್ಲೆಯ ಹಾಗೆ ಮಾಡಿದ ಮೇಲೆಯೇ ಸಾಗಣೆ ಸಾಧ್ಯ. ಎರಡನೆಯದು ಸೋಡಾ. ಸಿಮೆಂಟಿನಲ್ಲಿ ಸೋಡಾ ಹೆಚ್ಚಾದರೆ, ಕೆಲವು ಜಾತಿಯ ಜಲ್ಲಿಯ ಜೊತೆ ಸೇರಿ ಅಂಟಿನಂಥದ್ದು ಹುಟ್ಟಿ, ಅದು ನೀರು ಹೀರಿ ಉಬ್ಬಿ, ವರ್ಷಗಳ ಮೇಲೆ ಕಾಂಕ್ರೀಟು ಬಿರಿಯುತ್ತದೆ. ಕ್ಯಾಲಿಫೋರ್ನಿಯಾದ ಸ್ಟಾಂಟನ್ ಎಂಬ ಎಂಜಿನಿಯರು 1940ರಲ್ಲೇ ಇದನ್ನು ತೋರಿಸಿದ್ದ. ಆದ್ದರಿಂದ ನೂರಕ್ಕೆ ಎರಡರಿಂದ ಐದು ಪಾಲಿನ ಆಸುಪಾಸು, ಸಾರಿಗೆ ಉಪ್ಪು ಹಾಕಿದ ಹಾಗೆ ಅಳತೆ ನೋಡಿ ಹಾಕಬೇಕು. ಕಡಿಮೆ ಅನ್ನಿಸಬಹುದು. ಆದರೆ ಈ ದೇಶದ ಸಿಮೆಂಟು ಕೋಟಿಗಟ್ಟಲೆ ಟನ್ನುಗಳದ್ದು. ಅದರಲ್ಲಿ ನೂರಕ್ಕೆ ಎರಡು ಅಂದರೂ ದೊಡ್ಡ ಗುಡ್ಡವೇ ಆಗುತ್ತದೆ.

ಬೆಳಗಾವಿಯ ಅದೃಷ್ಟ ಏನೆಂದರೆ ಉತ್ತರ ಕರ್ನಾಟಕ ಸುಣ್ಣದ ಕಲ್ಲಿನ ನಾಡು. ಬಾಗಲಕೋಟೆ ಕಡೆ ಸಿಮೆಂಟು ಇದೆ. ಕಲಬುರಗಿ ಜಿಲ್ಲೆಯಲ್ಲಿ ವಾಡಿ, ಸೇಡಂ, ಮಳಖೇಡ ಇವೆ. (ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ರಾಜಧಾನಿಯಲ್ಲಿ ಈಗ ಸಿಮೆಂಟಿನ ಚಿಮಣಿ.) ಲಾರಿ ಬಾಡಿಗೆ ಕೊಟ್ಟರೂ ಲೆಕ್ಕ ಹೊಂದುವಷ್ಟು ದೂರ. 2020ರ ನವೆಂಬರಿನಲ್ಲಿ ಹಿಂಡಾಲ್ಕೊ, ತನ್ನದೇ ಬಳಗದ ಅಲ್ಟ್ರಾಟೆಕ್ ಸಿಮೆಂಟಿನ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 12 ಲಕ್ಷ ಟನ್ ರಾಡಿ, 7 ರಾಜ್ಯಗಳ 14 ಸಿಮೆಂಟು ಕಾರ್ಖಾನೆಗಳಿಗೆ. ತನ್ನ ಮೂರು ಅಲ್ಯುಮಿನಾ ಕಾರ್ಖಾನೆಗಳಲ್ಲಿ ರಾಡಿಯ ನೂರಕ್ಕೆ ನೂರು ಬಳಕೆ ಆಗುತ್ತಿದೆ ಎಂದೂ ಕಂಪನಿ ಆಗ ಹೇಳಿತು.

ಈ ದಾರಿ ನಮ್ಮ ದಿಲ್ಲಿ ಕಡೆಯವರಿಗೆ ಹೊಸದಲ್ಲ. ಬದರಪುರದ ವಿದ್ಯುತ್ ಕೇಂದ್ರ 1973ರಿಂದ ಕಲ್ಲಿದ್ದಲು ಸುಟ್ಟು, 2018ರ ಅಕ್ಟೋಬರಿನಲ್ಲಿ ಮುಚ್ಚಿತು. ಅದರ ಹಾರುಬೂದಿಯ ಕೆರೆ ಎಂಟುನೂರು ಎಕರೆಗೂ ಹೆಚ್ಚು. ಬೇಸಿಗೆಯ ಲೂ ಗಾಳಿಗೆ ಒಣಗಿಸಿದ ಬಟ್ಟೆಯ ಮೇಲೆ ಬೂದಿ ಕೂತದ್ದನ್ನು ಆ ಕಡೆ ಮನೆ ಮಾಡಿದ್ದವರು ಇನ್ನೂ ಹೇಳುತ್ತಾರೆ. ಹಾರುಬೂದಿಯಿಂದಲೂ ಸಿಮೆಂಟು, ಇಟ್ಟಿಗೆ ಆಗುತ್ತದೆ ಎಂದು ಎಂದೋ ಗೊತ್ತಿತ್ತು. ಅದು ಕೆರೆಯಿಂದ ಮೇಲೆದ್ದದ್ದು 1999ರ ಸೆಪ್ಟೆಂಬರಿನ ಸರ್ಕಾರಿ ಆಜ್ಞೆಯ ನಂತರ. ವಿದ್ಯುತ್ ಕೇಂದ್ರದ 50 ಕಿಲೋಮೀಟರ್ ಸುತ್ತಿನ ಇಟ್ಟಿಗೆಯವರು ಬೂದಿ ಬೆರೆಸಲೇಬೇಕು, ಕೇಂದ್ರದವರು ಬೂದಿಯನ್ನು ಪುಕ್ಕಟೆ ಕೊಡಲೇಬೇಕು ಅಂತ ಆಜ್ಞೆ. ಆಮೇಲೆ ನಮ್ಮ ಗಲ್ಲಿಯ ಮನೆಗಳಿಗೂ ಬೂದಿ ಬಣ್ಣದ ಇಟ್ಟಿಗೆ ಬಂತು. ಕಬಾಡಿಯವನು ತಾನಾಗಿ ಬರದಿದ್ದರೆ ಕೈಹಿಡಿದು ಕರೆತರಬೇಕಾಗುತ್ತದೆ.

*

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತು ಎನ್ನಬಹುದಿತ್ತು. ಆದರೆ ಲೆಕ್ಕದ ಮನುಷ್ಯನಿಗೆ ಎರಡು ಮಾತು ಉಳಿಯುತ್ತವೆ.

ನೂರಕ್ಕೆ ನೂರು ಎಂಬುದು ಆಯಾ ವರ್ಷ ಹುಟ್ಟಿದ ರಾಡಿಯ ಲೆಕ್ಕ. ಹಿಂದಿನ ಐವತ್ತು-ಅರವತ್ತು ವರ್ಷದ ಗುಡ್ಡ ಅದರಲ್ಲಿ ಬರುವುದಿಲ್ಲ. ಒಡಿಶಾದ ದಾಮನಜೋಡಿ, ಲಾಂಜಿಗಢದಂಥ ಕಾರ್ಖಾನೆಗಳು ಗುಡ್ಡಗಾಡಿನಲ್ಲಿವೆ, ಅಲ್ಲಿ ಲಾರಿ ಬಾಡಿಗೆಯೇ ರಾಡಿಗಿಂತ ತುಟ್ಟಿ. ನಮ್ಮ ಕಾನೂನಿನ ಪುಸ್ತಕ 2016ರ ನಿಯಮದಲ್ಲಿ ಇದನ್ನು 'ಪ್ರಮಾಣ ಹೆಚ್ಚು, ಪರಿಣಾಮ ಕಡಿಮೆ' ಎನ್ನುವ ಕಸದ ಸಾಲಿಗೆ ಸೇರಿಸಿದೆ. ಒಡ್ಡಿನ ಕೆಳಗೆ ಮನೆ ಇದ್ದವರಿಗೆ ಆ 'ಕಡಿಮೆ' ಎನ್ನುವ ಮಾತು ಹೇಗೆ ಕೇಳಿಸೀತು?

ಇನ್ನೊಂದು ಮಾತು. ಸಿಮೆಂಟಿಗೆ ಹೋದದ್ದು ಹೋಯಿತು. ಅದರಲ್ಲಿದ್ದ ಟೈಟಾನಿಯಂ, ಬೆಲೆಬಾಳುವ ಸ್ಕ್ಯಾಂಡಿಯಂ ಮತ್ತೆ ಕೈಗೆ ಸಿಗುವುದಿಲ್ಲ. ಜರ್ಮನಿಯ ಡ್ಯುಸೆಲ್‌ಡಾರ್ಫಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಹೈಡ್ರೋಜನ್ ಪ್ಲಾಸ್ಮಾದಿಂದ ರಾಡಿಯೊಳಗಿನ ಕಬ್ಬಿಣವನ್ನೇ ನೇರ ತೆಗೆದು ತೋರಿಸಿದ್ದಾರೆ, 2024ರ ಜನವರಿಯಲ್ಲಿ ಅದು ಪ್ರಕಟವಾಯಿತು. ಪ್ರಯೋಗಾಲಯದ ಮಾತು, ಇರಲಿ. ಆದರೆ ಭೋಪಾಲದ ಬಾಗಿಲೂ ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ಇತ್ತು. ಕಬ್ಬಿಣ ಬರುತ್ತದೋ ಇಲ್ಲವೋ ಎಂಬುದಕ್ಕಿಂತ, ರಾಡಿ ಕೇಳಿಕೊಂಡು ಯಾರು ಬರುತ್ತಾರೆ, ಲಾರಿ ಬಾಡಿಗೆ ಯಾರು ಕೊಡುತ್ತಾರೆ ಎಂದು ನಾನಂತೂ ಮೊದಲು ಕೇಳುತ್ತೇನೆ.

ಮಾಳಿಗೆಯ ಬಿರುಕು ಮುಚ್ಚಿದೆ. ಆ ನಾಲ್ಕು ಚೀಲದಲ್ಲಿ ನಮ್ಮೂರ ರಾಡಿ ಇರಲಿಕ್ಕಿಲ್ಲ, ಬೆಳಗಾವಿಯಿಂದ ಇಲ್ಲಿಗೆ ಯಾರು ಹೊತ್ತು ತರುತ್ತಾರೆ? ಹುಡುಗ ಮೊನ್ನೆ ಫೋನು ಮಾಡಿದ್ದಾಗ ಇದನ್ನೇ ಹೇಳಿದೆ. "ನಿಮ್ಮನ್ನ ಹೊತ್ತು ತಂದೈತಲ್ರೀ ಕಾಕಾ ಆ ಅಲ್ಯುಮಿನಿಯಂ," ಅಂದ. ಉತ್ತರ ಹೊಳೆಯಲಿಲ್ಲ.

ಮುರಿ, ರೇಣುಕೂಟ, ದಾಮನಜೋಡಿಗಳಲ್ಲಿ ದುಡಿದ ಕನ್ನಡಿಗರು ಇದನ್ನು ಓದುತ್ತಿದ್ದರೆ, ನಿಮ್ಮ ಕಾಲದಲ್ಲಿ ರಾಡಿಯನ್ನು ಏನು ಮಾಡುತ್ತಿದ್ದರು ಎಂದು ದಯವಿಟ್ಟು ಬರೆಯಿರಿ. ತಪ್ಪಿದ್ದರೆ ತಿದ್ದಿ. ಮುಂದಿನ ಸಲ ಊರಿಗೆ ಹೋದಾಗ ಹೆದ್ದಾರಿಯಲ್ಲಿ ಬಸ್ಸು ಯಮನಾಪುರ ದಾಟುವಾಗ ಕಣ್ಣು ಮುಚ್ಚಿ ನಿದ್ದೆ ಮಾಡುವುದಿಲ್ಲ, ಇಷ್ಟಂತೂ ನಿಶ್ಚಯ.